ನಲವತ್ತೊಂದನೇ ಫೈಲು

...ಅಯ್ಯೋ, ಅದಕ್ಕೆ ಯಾಕೆ ಮುಖ ಊದಿಸ್ಕೊಂಡಿದ್ದೀಯ? ನೂರು ಫೈಲಲ್ಲಿ ತೊಂಬತ್ತೊಂಬತ್ತಕ್ಕೆ ನಾನೂ ನೀನೂ ಒಂದೇ ಕಡೆ ಗೀಟು ಹಾಕಿದ್ದೀವಿ. ಬೇರೆ ಬೇರೆ ರೂಮಲ್ಲಿ ಕೂತು, ಒಬ್ಬರದೊಬ್ಬರು ನೋಡದೆ! ಗಂಡ ಹೆಂಡ್ತಿ ಮಧ್ಯೇನೂ ಇಷ್ಟು ಹೊಂದಾಣಿಕೆ ಇರಲ್ಲ ಕಣೇ. ಹಾಂ, ಹೀಗೆ ನಗು.

ಉಳಿದಿದ್ದು ಈ ನಲವತ್ತೊಂದನೇದು ಒಂದೇ. ನೀನು 'ಹೊಂಚು ಹಾಕಿದವನು' ಅಂದೆ, ನಾನು 'ಆ ಕ್ಷಣಕ್ಕೆ ಮಾಡಿದವನು' ಅಂದೆ. ನೀನು ಒಂದು ಗೀಟು ಅಳಿಸು, ಪ್ರೊಫೆಸರ್ ಮೇಡಂಗೂ ಖುಷಿ, ನಮಗೂ ಟೀ.

ಅತ್ಯಾಚಾರ ಮಾಡಿ ಜೈಲಿಗೆ ಹೋದವರೆಲ್ಲ ಒಂದೇ ಅಚ್ಚಿನವರಲ್ಲ ಅಂತ ತೋರಿಸೋಕೇ ತಾನೇ ಈ ಸಂಶೋಧನೆ? ಸಿಟ್ಟಿಂದ ಮಾಡಿದವನು ಬೇರೆ, ಕಾದು ಕೂತವನು ಬೇರೆ... ಮೊದಲನೇ ವಾರ ನೀನು ಎಲ್ಲರನ್ನೂ 'ಇತರೆ'ಗೆ ತಳ್ಳಿ ಮೇಡಂ ಹತ್ರ ಮಂಗಳಾರತಿ ಮಾಡಿಸ್ಕೊಂಡಿದ್ದೆ, ನೆನಪಿದ್ಯಾ?

ಈಗ ಇದನ್ನ ಓದು. ಪಕ್ಕದ ಮನೆ ನರ್ಸು. ಹಿಂದಿನ ಬಾಗಿಲು ತೆಗೆದಿತ್ತು, ನುಗ್ಗಿದ. ಹೊಂಚು ಎಲ್ಲಿದೆ? ಏನು, ಬೆರಳಿಟ್ಟು ತೋರಿಸ್ತೀಯ... ಯಾವಾಗ್ಲೂ ಕಿರುಗುಟ್ಟೋ ಹಿತ್ತಿಲ ಗೇಟು ಅವತ್ತು ಸದ್ದೇ ಮಾಡಲಿಲ್ಲ ಅಂತ ಆಕೆ ಹೇಳಿದ್ದಾ? ಸರಿ. ದಿನಾ ಕಿರುಗುಟ್ಟೇ ತೀರ್ತೀನಿ ಅಂತ ಗೇಟು ಶಪಥ ಮಾಡಿತ್ತಾ? ಹೊಲಿಗೆ ಮಿಷನ್ ಎಣ್ಣೆ ಎರಡು ತೊಟ್ಟು ಬಿಟ್ರೆ ಯಾವ ಗೇಟೂ ಬಾಯಿ ಮುಚ್ಚುತ್ತೆ.

ಅವನು ಅಂಥವನಲ್ಲ ಕಣೇ. ತಾಯಿ ಕಣ್ಣಿಗೆ ದಿನಾ ತಾನೇ ಔಷಧಿ ಬಿಡ್ತಿದ್ದ, ಒಂದು ಹನಿ ಕೆನ್ನೆ ಮೇಲೆ ಬೀಳದ ಹಾಗೆ...

ಯಾಕೆ ಪುಟ ತಿರುಗಿಸ್ತಿದ್ದೀಯ? ಔಷಧಿ ವಿಷಯ ಎಲ್ಲೋ ಬರೆದಿರ್ತಾರೆ ನೋಡು. ಇಲ್ವಾ? ಎಣ್ಣೆ ವಿಷಯ? ಅದೂ ಇಲ್ವಾ.

ಹಾಗೆ ನೋಡಬೇಡ... ಗೊತ್ತು, ಗುರುತಿನವರ ಫೈಲು ಬಂದ್ರೆ ಮೊದಲೇ ಹೇಳ್ಬೇಕು, ಮುಟ್ಟಬಾರದು. ಹೆಸರು ಇರಲಿಲ್ಲ. ಆದ್ರೂ ಎರಡನೇ ಸಾಲಿಗೇ ತಿಳೀತು. ಆ ಗೇಟಿನ ಸದ್ದು ನಮ್ಮ ಅಡುಗೆಮನೆಗೆ ಕೇಳ್ತಿತ್ತು.

ತಮ್ಮ ಕಣೇ. ನನ್ನ ಬೆನ್ನಿಗೆ ಹುಟ್ಟಿದವನು.

ಆ ಕ್ಷಣಕ್ಕೆ ಮಾಡಿದವನು ಅಂತಾದ್ರೆ ಯಾರಿಗೂ ಮೊದಲೇ ತಿಳಿಯೋಕೆ ಆಗ್ತಿರಲಿಲ್ಲ, ಅಲ್ವಾ? ನನಗೂ ಆಗ್ತಿರಲಿಲ್ಲ. ಅದಕ್ಕೇ ಆ ಗೀಟು.

ಒಂದು ವಾರ ಮುಂಚೆ ಬಂದು, "ಅಕ್ಕಾ, ಎಣ್ಣೆ ಬುಡ್ಡಿ ಕೊಡು, ಸೈಕಲ್ಲು ಕಿರುಗುಟ್ಟುತ್ತೆ" ಅಂದ. ಹೊಲೀತಾ ಕೂತಿದ್ದೆ. ತಲೆ ಎತ್ತದೇ ಕೊಟ್ಟೆ.

ರಬ್ಬರ್ ಇತ್ತ ಕೊಡು. ಅಳಿಸ್ಬೇಕಾದವಳು ನಾನು.

ನಮ್ಮ ಮನೇಲಿ ಸೈಕಲ್ಲೇ ಇರಲಿಲ್ಲ ಕಣೇ.