ಬೆಳ್ಳಿ ಮದ್ದು

ಎರಡನೇ ಮಹಾಯುದ್ಧ ಮುಗಿದ ವರ್ಷ ದೊಡ್ಡಬಳ್ಳಾಪುರದ ಆಸ್ಪತ್ರೆಯ ಬೆಂಚಿನಲ್ಲಿ ಕಾಯುತ್ತಿದ್ದ ಅಕ್ಕಯಮ್ಮನ ಕಿವಿಗೆ ಪಕ್ಕದ ಗಂಡ ಹೆಂಡಿರ ಮಾತು ಬೀಳುತ್ತಿತ್ತು.

"ಏಳು, ಸಪ್ಪಲಿ. ಉಚ್ಚೆಚೀಲ ಉರಿಯೋ ಇಂಥ ಕಾಯಿಲೆ ಡಾಕ್ಟ್ರು ಇದೇ ಮೊದಲು ನೋಡಿದ್ದಂತೆ. ನಿನ್ನ ಮೇಲೆ ಕೈ ಪಳಗಿಸ್ತಾವ್ನೆ."

"ಕೊಳವೇಲಿ ಬೆಳ್ಳಿ ಮದ್ದು ಉಚ್ಚೆಚೀಲದೊಳಕ್ಕೆ ಬಿಟ್ಟ ಮೇಲೆ ಎರಡು ದಿನ ನೆಮ್ಮದಿಯಾಗಿದ್ದೆ."

"ಬಿಡೋವಾಗ ಕಿರುಚಿದ್ದು ಬೀದಿಗೆ ಕೇಳ್ತು. ಊರಲ್ಲಿ ಇನ್ನೊಂದು ಬರೆ ಹಾಕಿಸ್ತೀನಿ, ನಡಿ."

"ಕಿಬ್ಬೊಟ್ಟೆ ಮೇಲೆ ಐದು ಬರೆ ಅವೆ. ಕಾದ ಕುಡುಗೋಲು ಇಡೋವಾಗ ಕಾಲು ಅದುಮಿದ್ದು ನೀನೇ."

"ನಿನ್ನ ಒಳ್ಳೇದಕ್ಕೆ."

"ಗಳಿಗೆಗೊಂದು ಸಲ ಉಚ್ಚೆಗೆ ಅಂತ ಹಿತ್ತಲಿಗೆ ಓಡಿದ್ರೆ, ಅಲ್ಲಿ ಯಾವನವ್ನೆ ಅಂತ ಒದ್ದಿದ್ದೂ ಒಳ್ಳೇದಕ್ಕಾ?"

ಒಳಗಿನಿಂದ ಸಪ್ಪಲಮ್ಮನ ಹೆಸರು ಕೂಗಿದರು. ಒಳಗೆ ಹೋಗದಂತೆ ಗಂಡ ಅವಳ ತುರುಬು ಹಿಡಿದೆಳೆದ. ಸಪ್ಪಲಮ್ಮ ಅವನ ಮುಂಗೈ ಕಚ್ಚಿದಳು. ರಕ್ತ ಬಂದ ಮೇಲೆ ಬಿಟ್ಟು, ಬಾಯಿ ಒರೆಸಿಕೊಂಡು ಒಳಗೆ ಹೋದಳು.

ಅವನು ಕೂರಲು ಬಂದಾಗ ಅಕ್ಕಯಮ್ಮ ಬೆಂಚಿನ ತುಂಬ ಕಾಲು ಚಾಚಿದಳು.