ಕಾಲುವೆಯ ಕೆಳಗಿನ ದ್ರಾಕ್ಷಿ

ಹರಿಹರದಿಂದ ಬರುವ ಬಸ್ಸಿನಲ್ಲಿ, ದ್ರಾಕ್ಷಿ ಬುಟ್ಟಿ ಹಿಡಿದಿದ್ದ ಉಚ್ಚೆಂಗಪ್ಪನವರ ಪಕ್ಕ ಅವರ ನೆರೆಹೊಲದ ಕಮಲಕ್ಕ ಬಂದು ಕೂತರು.

“ವೈನ್ ಕಂಪನಿಯೋರು ಏನಂದ್ರು?”

“ಬ್ಯಾಡ ಅಂದ್ರು. ವೈನಿಗೆ ಬಳ್ಳಿ ಬಾಯಾರಿರಬೇಕಂತೆ, ಹಣ್ಣು ಸಣ್ಣಕಿರಬೇಕಂತೆ. ನಮ್ದು ನೀರು ಕುಡ್ದು ಊದೈತೆ.”

“ನೀರು ಬಿಡಬ್ಯಾಡ್ರಿ ಮತ್ತೆ.”

“ನಾನೆಲ್ಲಿ ಬಿಡ್ತೀನಿ? ನಿಮ್ಮ ಭತ್ತದ ಗದ್ದೇದು ಬಸಿದು ಬರ್ತೈತೆ.”

“ಈ ಸಲ ನಾವು ಭತ್ತ ಹಾಕ್ದಿದ್ರೆ?”

“ಆಚೆ ಗದ್ದೇದು ಬರ್ತೈತೆ. ಊರೆಲ್ಲ ಗದ್ದೇನೇ.”

ಹಿಂದಿನ ಸೀಟಿನಿಂದ ಯಾರೋ ಕೂಗಿದರು: “ನಾಳೆ ಕಾಲುವೆಗೆ ನೀರು ಬಿಡ್ತಾರಂತೆ!”

ಬಸ್ಸೆಲ್ಲ ಗೆಲುವಾಯಿತು. ಕಮಲಕ್ಕ ಥಟ್ಟನೆ ನಗುವ ಬಾಯಿಗೆ ಸೆರಗು ಅಡ್ಡ ಹಿಡಿದರು.

ಅವರ ಊರು ಶಾಮನೂರು ಬಂದಿತ್ತು. ಉಚ್ಚೆಂಗಪ್ಪ ಬುಟ್ಟಿಯನ್ನು ಸೀಟಿನಲ್ಲೇ ಬಿಟ್ಟು ಎದ್ದರು.

“ನಗ್ರಿ ಕಮಲಕ್ಕ. ಭತ್ತ ಹಾಕ್ತಿದ್ದಾಗ, ನೀರು ಬಂದ್ರೆ ನಮ್ಮಪ್ಪನೂ ನಗ್ತಿದ್ದ.”