ನೆಲಾನಾ, ಬಟ್ಟೆನಾ

ಹಲೋ... ಹಲೋ, ಯಾರು ಮಾತಾಡ್ತಿರೋದು? ಅಕ್ಕನಾ? ದನಿ ಯಾಕೆ ಹಾಗಿದೆ, ಬಾಯಲ್ಲಿ ಏನಿಟ್ಕೊಂಡಿದ್ದೀಯ?...

ಗುಂಡುಪಿನ್ನಾ. ತೆಗಿ ಮೊದಲು ಅದನ್ನ. ನುಂಗಿಬಿಟ್ರೆ ಏನು ಗತಿ, ಎಷ್ಟು ಸಲ ಹೇಳೋದು ನಿನಗೆ? ಆ ಹೊಲಿಗೆ ಮಿಷಿನ್ನೂ ಒಂಚೂರು ನಿಲ್ಸು, ಟಕಟಕ ಸದ್ದಿಗೆ ಏನೂ ಕೇಳಿಸ್ತಿಲ್ಲ... ಹಾಂ, ಈಗ ಸರಿ. ಆಫೀಸಿಂದಾನೇ ಮಾಡ್ತಿರೋದು. ಇಲ್ಲ, ಊಟ ಆಗಿಲ್ಲ. ಆಮೇಲೆ ಮಾಡ್ತೀನಿ...

ನಿನ್ನ ಮಗಳು ಹೇಗಿದ್ದಾಳೆ? ಹೆರಿಗೆ ಆಪರೇಷನ್ ಹೊಲಿಗೆ ನೋವು ಕಮ್ಮಿಯಾಯ್ತಾ?... ಇನ್ನೂ ಮೆಟ್ಟಿಲು ಇಳಿಯೋ ಹಾಗಿಲ್ವಾ. ಮಾಳಿಗೆ ಕೋಣೇಲೇ ಇದ್ದಾಳೆ ಹಾಗಾದ್ರೆ. ಮಗೂನೂ ಅಲ್ಲೇನಾ?... ಇಲ್ಲ, ಸುಮ್ನೆ ಕೇಳ್ದೆ.

ವಿಷಯ ಏನಂದ್ರೆ ಅಕ್ಕ, ನಿನ್ನ ತಾರಸಿ ಮೇಲೆ ನಮ್ಮ ಕಂಬ ಇದೆಯಲ್ಲ... ಹಾಂ, ಅದೇ, ನೆಲ ಎಷ್ಟು ಸರೀತು ಅಂತ ಅಳೆಯೋದು. ತಲೆ ಮೇಲೆ ತಟ್ಟೆ ಬೋರಲು ಹಾಕಿದ ಹಾಗಿರೋದು. ಅದಕ್ಕೆ ಬಟ್ಟೆ ಹಗ್ಗ ಏನಾದ್ರೂ ಕಟ್ಟಿದ್ದೀಯಾ?...

ಬೈಯೋಕೆ ಕೇಳ್ತಿಲ್ಲ. ನಿನ್ನಾಣೆಗೂ ಬೈಯಲ್ಲ... ಗೊತ್ತು, ಹೋದ ವರ್ಷ ಕೂಗಾಡಿದ್ದು ಗೊತ್ತು. ಅವತ್ತು ನಿನ್ನ ಒದ್ದೆ ಕಂಬಳಿ ಭಾರಕ್ಕೆ ಕಂಬ ವಾಲಿತ್ತು. ನಾವು ನೆಲವೇ ಸರೀತು ಅಂದ್ಕೊಂಡು ಸುದ್ದಿ ಕಳಿಸಿ, ಊರಿನೋರನ್ನೆಲ್ಲಾ ಬೀದೀಲಿ ಕೂರಿಸಿದ್ವಿ. ಆಮೇಲೆ ನಮ್ಮ ಮಾನ ಹರಾಜಾಯ್ತು. ಈಗಲೂ ಇಲ್ಲಿ ಕಂಪ್ಯೂಟರ್ ಪರದೆ ಮೇಲೆ ಯಾವುದಾದ್ರೂ ಕಂಬದ ಗೆರೆ ಸುಮ್ಮಸುಮ್ನೆ ಕುಣಿದ್ರೆ ಎಲ್ಲರೂ ಕೇಳೋದು ಒಂದೇ, ಇದು ನೆಲಾನಾ, ಬಟ್ಟೆನಾ ಅಂತ. ನಿನ್ನ ಕಂಬಳಿ ಅಷ್ಟು ಹೆಸರುವಾಸಿ...

ನಗು, ನಗು. ಆದ್ರೆ ಉತ್ತರ ಹೇಳು. ಕಟ್ಟಿದ್ದೀಯಾ?...

ಇಲ್ವಾ... ಅವತ್ತಿಂದ ಆ ಕಂಬದ ಕಡೆ ತಲೆನೂ ಹಾಕಿಲ್ವಾ... ಸರಿಯಾಗಿ ಜ್ಞಾಪಿಸ್ಕೊ. ಹಸುಗೂಸು ಇರೋ ಮನೆ, ಒಗೆದಿದ್ದೆಲ್ಲಾ ಎಲ್ಲಿ ಒಣಗಿಸ್ತೀಯ?... ತಾರಸಿ ಮೋಟುಗೋಡೆ ಮೇಲಾ. ಅಷ್ಟೂ ಅಲ್ಲೇ ಹಿಡಿಸುತ್ತಾ? ಒಂದು ಹಗ್ಗ, ಒಂದೇ ಒಂದು, ಮರೆತು ಕಟ್ಟಿರಬಹುದು ಅಲ್ವಾ? ಮಗಳು ಕಟ್ಟಿರಬಹುದು... ಹೌದು, ಅವಳಿಗೆ ಎದ್ದು ನಿಲ್ಲೋಕೇ ಆಗಲ್ಲ. ಮರೆತೆ.

ನನ್ನ ದನಿ ನಡುಗ್ತಿಲ್ಲ... ಇಲ್ಲ ಅಂದ್ನಲ್ಲ... ಸರಿ, ನಡುಗ್ತಿದೆ. ನಿನ್ನ ಹತ್ರ ಏನು ಮುಚ್ಚಿಡೋಕಾಗುತ್ತೆ. ಬೆಳಿಗ್ಗೆಯಿಂದ ನಿನ್ನ ಕಂಬ ಸರೀತಾ ಇದೆ... ಎಷ್ಟು ಅಂದ್ರೆ, ನೀನು ಕೋಟ್‌ಗೆ ಹಾಕೋ ಗುಂಡಿ ಇದೆಯಲ್ಲ, ಅದರ ದಪ್ಪ... ಅಷ್ಟೇನಾ ಅನ್ಬೇಡ ಅಕ್ಕ. ನಿಮ್ಮೂರ ಕೆಳಗಿರೋ ಬಿರುಕು ವರ್ಷವಿಡೀ ಸರಿದ್ರೂ ಅಷ್ಟಾಗಲ್ಲ. ಇದು ಒಂದೇ ಬೆಳಿಗ್ಗೆ...

ಭೂಕಂಪ ಆಗೇ ಆಗುತ್ತೆ ಅಂತ ಹೇಳ್ತಿಲ್ಲ. ಅದನ್ನ ಹೇಳೋ ವಿದ್ಯೆ ಇನ್ನೂ ಯಾರಿಗೂ ಬಂದಿಲ್ಲ, ನಮಗೂ ಬಂದಿಲ್ಲ. ಸರಿದು ಸುಮ್ಮನಾದ ನೆಲಾನೂ ಇದೆ, ಸರಿದು ಊರನ್ನೇ ಮಲಗಿಸಿದ ನೆಲಾನೂ ಇದೆ. ಯಾವುದು ಯಾವಾಗ ಅಂತ ತಿಳ್ಕೊಳ್ಳೋಕೇ ಇಷ್ಟೆಲ್ಲಾ ಒದ್ದಾಡ್ತಿರೋದು. ನದಿಯಾಚೆ ಇನ್ನೊಂದು ಕಂಬ ಇತ್ತು, ಅದರ ಬ್ಯಾಟರಿ ಸತ್ತಿದೆ. ಉಳಿದಿರೋದು ನಿಂದೊಂದೇ. ಮೇಡಂ ನನ್ನ ಬೆನ್ನ ಹಿಂದೇನೇ ನಿಂತಿದ್ದಾರೆ, ಊರಿಗೆ ಸುದ್ದಿ ಕಳಿಸೋದಾ ಬೇಡ್ವಾ ಅಂತ. ಇನ್ನೊಂದು ಸಲ ಸುಳ್ಳಾದ್ರೆ ನಮ್ಮನ್ನ ನಾಯಿನೂ ಮೂಸಲ್ಲ... ಅದಕ್ಕೇ ಕೇಳ್ತಿದ್ದೀನಿ. ಕಟ್ಟಿದ್ದೀನಿ ಅಂದುಬಿಡು ಅಕ್ಕ. ಹೋದ ಜೀವ ಬಂದ ಹಾಗಾಗುತ್ತೆ...

ಏನಂದೆ?... ಇನ್ನೊಂದು ಸಲ ಹೇಳು... ಕಟ್ಟಿದ್ದೀಯಾ? ಮತ್ತೆ ಆಗ್ಲೇ ಯಾಕೆ ಇಲ್ಲ ಅಂದೆ?... ಭಯಾನಾ. ನನ್ನ ಕಂಡ್ರೆ ನಿನಗೆ ಭಯಾನಾ, ಅಯ್ಯೋ ನನ್ನಕ್ಕ... ಬೆಳಿಗ್ಗೆ ಕಟ್ಟಿದ್ದಾ. ಮಗು ಬಟ್ಟೆ, ಎರಡು ಬೆಡ್‌ಶೀಟು. ಸರಿ, ಸರಿ. ಬದುಕ್ಕೊಂಡೆ. ನೋಡು, ಕಣ್ಣಲ್ಲಿ ನೀರೇ ಬಂತು ನನಗೆ.

ಒಂದ್ನಿಮಿಷ ಇರು. ಮೇಡಂ, ಬಟ್ಟೆ. ಬಟ್ಟೆ ಮೇಡಂ, ನಮ್ಮಕ್ಕ ಒಪ್ಕೊಂಡ್ಲು. ಸುದ್ದಿ ಕಳಿಸೋದು ಬೇಡ... ಉಸ್ಸಪ್ಪಾ ಅಂತ ಹೋದ್ರು ಅಕ್ಕ. ಪಾಪ, ಅವರೂ ಬೆಳಿಗ್ಗೆಯಿಂದ ನೀರು ಕುಡಿದಿಲ್ಲ.

ಈಗ ಒಂದು ಉಪಕಾರ ಮಾಡು. ಫೋನು ಮೇಜಿನ ಮೇಲಿಟ್ಟು ತಾರಸಿಗೆ ಹೋಗಿ ಆ ಹಗ್ಗ ಬಿಚ್ಚಿ ಬಾ. ನಾನು ಲೈನಲ್ಲೇ ಇರ್ತೀನಿ. ನೀನು ಬಿಚ್ಚಿದ ತಕ್ಷಣ ಇಲ್ಲಿ ಗೆರೆ ಕೆಳಗಿಳಿಯುತ್ತೆ, ಕಣ್ಣಾರೆ ನೋಡ್ಬೇಕು ನಾನು... ಹಾಂ, ಹೋಗು...

...

ಬಿಚ್ಚಾಯ್ತಾ? ಇಷ್ಟು ಬೇಗ?... ಇಲ್ಲಿ ಇಳೀತಿಲ್ವಲ್ಲ. ಹಾಗೇ ಇದೆ... ಅಲ್ಲ, ಇನ್ನೂ ಒಂಚೂರು ಮೇಲೆ ಹೋಯ್ತು... ಇರು ಅಕ್ಕ. ನೀನು ಮೇಲೆ ಹೋದಾಗ ಮಿಷಿನ್ ಸದ್ದು ಕೇಳಿಸ್ತಾನೇ ಇತ್ತು. ಅಂಗಡೀಲಿ ಹೊಲಿಯೋದು ನೀನೊಬ್ಬಳೇ ತಾನೇ?...

ನೀನು ಮೇಲೆ ಹೋಗೇ ಇಲ್ಲ ಅಲ್ವಾ?...

ಹಗ್ಗಾನೇ ಇಲ್ಲ. ಅಲ್ವಾ?...

ನಾನು ಕೇಳ್ದೆ ಅಂತ ಹೂಂ ಅಂದುಬಿಟ್ಯಾ... ನನ್ನ ದನಿ ನಡುಗ್ತಿತ್ತು ಅಂತಾನಾ, ನನ್ನ ಕೆಲಸಕ್ಕೆ ಕುತ್ತು ಬರುತ್ತೆ ಅಂತಾನಾ? ಚಿಕ್ಕಂದಿನಿಂದ ಇದೇ ಆಯ್ತು ನಿಂದು. ನನಗೆ ಏಟು ಬೀಳ್ಬೇಕು ಅನ್ನೋ ಹೊತ್ತಿಗೆ ನಾನೇ ಮಾಡಿದ್ದು ಅಂತ ಮುಂದೆ ಬಂದು ನಿಲ್ಲೋದು. ಅವಾಗ ಬೀಳ್ತಿದ್ದದ್ದು ಅಪ್ಪನ ಕೈ ಅಕ್ಕ. ಇದು ಅಪ್ಪನ ಕೈ ಅಲ್ಲ...

ಬೈತಿಲ್ಲ. ಬಾಯಿಗೆ ಮಾತು ಹಾಕಿದೋಳು ನಾನೇ, ನಿನ್ನ ಏನಂತ ಬೈಯಲಿ. ಎದ್ದೇಳು ಮೊದಲು... ಯಾರ ಅಂಗಿ ಆದ್ರೇನು, ಅವರಿಗೆ ನಾನು ಹೇಳ್ತೀನಿ. ಮೇಲೆ ಹೋಗಿ ಮಗಳನ್ನ ಎಬ್ಬಿಸು... ಹೊಲಿಗೆ ಬಿಟ್ಕೊಂಡ್ರೆ ಮತ್ತೆ ಹಾಕಿಸ್ಬಹುದು. ಮಗೂನ ನೀನು ಎತ್ಕೊ, ಅವಳು ನಿನ್ನ ಭುಜ ಹಿಡ್ಕೊಂಡು ಇಳೀಲಿ. ಎದುರುಗಡೆ ಬಯಲಿಗೆ ಹೋಗಿ, ಹತ್ರ ಯಾವ ಗೋಡೆನೂ ಇರಬಾರ್ದು. ಫೋನು ಕಟ್ ಮಾಡ್ಬೇಡ, ಜೇಬಿಗೆ ಹಾಕ್ಕೊ...

ಮೇಡಂ. ಮೇಡಂ, ಇಲ್ಲಿ ಬನ್ನಿ. ಬಟ್ಟೆ ಅಲ್ಲ, ನೆಲ... ಆಗ ಹೇಳಿದ್ದು ಸುಳ್ಳು... ನನಗೋಸ್ಕರ ಹೇಳಿದ್ಲು ಮೇಡಂ. ಕೈ ಮುಗೀತೀನಿ, ಮಿಕ್ಕಿದ್ದು ಆಮೇಲೆ ಕೇಳಿ, ಮೊದಲು ಸುದ್ದಿ ಕಳಿಸಿ... ಸುಳ್ಳಾದ್ರೆ ನನ್ನ ತಲೆ ಮೇಲೆ ಹಾಕಿ, ನಾನೇ ಹೊತ್ಕೊಳ್ತೀನಿ...

ಹಲೋ, ಅಕ್ಕ... ಮಗು ಅಳ್ತಿದೆ, ಕೇಳಿಸ್ತಿದೆ. ಮೆಟ್ಟಿಲು ಇಳೀತಿದ್ದೀರಾ?... ನಿಧಾನ. ಇಲ್ಲ, ನಿಧಾನ ಬೇಡ, ಬೇಗ... ನೋವು ಅಂತಿದ್ದಾಳಾ. ಚಿಕ್ಕಮ್ಮ ಕೈ ಮುಗಿದು ಕೇಳ್ಕೊಂಡ್ಲು ಅನ್ನು... ಬಾಗ್ಲು ಬಿಗಿಯಾಗಿದೆಯಾ? ಬೆಳಿಗ್ಗೆಯಿಂದಾನಾ? ನೆಲ ಸರಿದು ಚೌಕಟ್ಟು ಓರೆಯಾಗಿದೆ, ಅದನ್ನ ಯಾಕೆ ಹೇಳ್ಲಿಲ್ಲ ನೀನು?... ನಾನು ಬರೀ ಹಗ್ಗ ಕೇಳ್ದೆ, ಹೌದು. ಭುಜ ಕೊಟ್ಟು ತಳ್ಳು. ಒದಿ... ತೆಗೀತಾ?...

ಬಯಲಿಗೆ ಬಂದ್ರಾ? ಅವಳು? ಮಗು?... ಅಬ್ಬಾ. ಅಲ್ಲೇ ಕೂತ್ಕೊಳ್ಳಿ, ಕದಲ್ಬೇಡಿ. ಮೇಡಂ ನಿಮ್ಮೂರ ಕಚೇರಿ ಜೊತೆ ಮಾತಾಡ್ತಿದ್ದಾರೆ... ಏನಂತೆ ಅಂದ್ರೆ, ಅವರೂ ಅದನ್ನೇ ಕೇಳ್ತಿದ್ದಾರಂತೆ, ಈ ಸಲಾನೂ ಬಟ್ಟೆ ಅಲ್ಲ ತಾನೇ ಅಂತ. ನಗ್ತಿದ್ದಾರಂತೆ.

ಗಾಳಿ ಜೋರಾಗಿದೆಯಾ?... ಮಗು ಒದ್ದೆ ಮಾಡ್ಕೊಂಡಿದೆಯಾ. ಮಾಡ್ಕೊಳ್ಳಲಿ ಬಿಡು. ನಿನ್ನ ಶಾಲಲ್ಲಿ ಸುತ್ತು... ಅಕ್ಕ? ಏದುಸಿರು ಯಾಕೆ ಬಿಡ್ತಿದ್ದೀಯ? ನಡೀತಿದ್ದೀಯಾ? ಎಲ್ಲಿಗೆ?...

ಬೇಡ. ಬೇಡ ಅಕ್ಕ... ಮೋಟುಗೋಡೆ ಮೇಲಿರೋ ಮಗು ಬಟ್ಟೆ ತರೋಕಾ? ಒಣಗಿರಲಿ, ಒಣಗದೇ ಇರಲಿ... ಎರಡೇ ನಿಮಿಷ ಅನ್ಬೇಡ. ಮಗೂಗೆ ನಾನು ಹೊಸದು ತರ್ತೀನಿ, ಎಷ್ಟು ಬೇಕಾದ್ರೂ ತರ್ತೀನಿ. ಇಳಿ ಕೆಳಗೆ. ಇದೊಂದು ಸಲ ನನ್ನ ಮಾತು ಕೇಳು...

ಅದೇನು ಸದ್ದು?... ಅಕ್ಕ, ಇಲ್ಲಿ ಗೆರೆ ಓಡ್ತಿದೆ. ಬಟ್ಟೆ ಬಿಡು. ಬಟ್ಟೆ ಬಿಟ್ಟು ಬಾ ಅಕ್ಕ. ಬಟ್ಟೆ...

ಹಲೋ... ಹಲೋ... ಅಕ್ಕ...